ಬೆಳಕಿನ ಬಾಬ್ತು

ಕಾಸರಗೋಡಿನಲ್ಲಿ ಇಳಿದಾಗ ಬೆಳಗಿನ ನಾಲ್ಕೂವರೆ.
ನಿಲ್ದಾಣದ ಹಳದಿ ಹಲಗೆಯಲ್ಲಿ
ಊರಿಗೊಂದೇ ಹೆಸರು, ಲಿಪಿ ಮಾತ್ರ ಹಲವು.
ಕನ್ನಡದ ಸಾಲಿನ ಮೇಲೆ ಒಂದು ಹಲ್ಲಿ
ಟ್ಯೂಬ್‌ಲೈಟಿನ ಹುಳಕ್ಕೆ ಕಾಯುತ್ತ
‘ಗೋ’ ಅಕ್ಷರದ ದೀರ್ಘದ ಹಾಗೆ ಬಾಲ ಬಾಗಿಸಿ.
ಅದೇ ಮೊದಲ ಚಿತ್ರ. ಯಾರಿಗೂ ಬೇಕಾದದ್ದಲ್ಲ.

ಬೇಕಾದದ್ದು ಬೇಕಲದ ಕೋಟೆ,
ಹುಬ್ಬಳ್ಳಿಯ ಪ್ರೆಸ್ಸಿನವರ ಕ್ಯಾಲೆಂಡರಿನ ಮೇ ತಿಂಗಳಿಗೆ.
ಜನ ಇರಬಾರದು. ಆಕಾಶ ಜಾಸ್ತಿ ಇರಲಿ,
ತಾರೀಕಿನ ಚೌಕಗಳನ್ನು ಕೂರಿಸಬೇಕು.

ಎಲ್ಲರೂ ನಿಂತ ಜಾಗದಲ್ಲೇ ನಾನೂ ನಿಂತೆ.
ಕಲ್ಲಿನ ಮೇಲೆ ಯಾರ್ಯಾರದೋ ಟ್ರೈಪಾಡಿನ ಗೀರು;
ಹೊಸ್ತಿಲು ಸವೆದಂತೆ ಸವೆದುಹೋಗಿದೆ ಇಲ್ಲಿಯ ನೋಟ.
ಮುರಕಲ್ಲು ಬೆಳಗ್ಗೆ ಬೆಲ್ಲದ ಬಣ್ಣ,
ಹತ್ತಕ್ಕೆ ಒಣಮೆಣಸು,
ಮಧ್ಯಾಹ್ನ ಬಣ್ಣವೇ ಇಲ್ಲ, ಬರೀ ಕಾವು.
ಹೊಸದಾಗಿ ಮದುವೆಯಾದವರಿಬ್ಬರು
ಚೌಕಟ್ಟಿನೊಳಗೆ ನಡೆದು ಬಂದರು. ಕಾದೆ. ಹೋದರು.
ಆಮೇಲೆ ನೋಡಿದರೆ ಮೂಲೆಯಲ್ಲಿ
ಅವಳ ಸೆರಗಿನ ಚೂರು ಉಳಿದಿತ್ತು.
ಅಳಿಸಿದೆ.
ಅಳಿಸಿದ ಕಡೆ ಸಮುದ್ರ ಕೊಂಚ ಮಂಕಾಯಿತು.

ತಳಂಗರೆಯ ಒಂದು ಚಾವಡಿಯಲ್ಲಿ
ನಬೀಸುಮ್ಮ ಟೊಪ್ಪಿ ಹೊಲಿಯುತ್ತಿದ್ದರು,
ಬಿಳಿ ಬಟ್ಟೆಯ ಮೇಲೆ ಬಿಳಿ ನೂಲು.
ಬಿಳಿಯ ಮುಂದೆ ಮೀಟರು ಸುಳ್ಳು ಹೇಳುತ್ತದೆ.
ಎರಡು ಸ್ಟಾಪು ಏರಿಸಿದೆ, ಇಳಿಸಿದೆ,
ಕಿಟಕಿ ಮುಚ್ಚಿಸಿದೆ, ಮತ್ತೆ ತೆರೆಸಿದೆ;
ಹೊಲಿಗೆ ಬೀಳಲೇ ಇಲ್ಲ.
‘ಮುಖ ಬೇಡ ಮೋನೇ, ಕೈ ಮಾತ್ರ ತೆಗಿ’ ಅಂದರು.
ಹೆಬ್ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಸಣ್ಣ ಕಪ್ಪು ಚುಕ್ಕಿಗಳು,
ಲೆಕ್ಕವಿಲ್ಲದಷ್ಟು.
ಅವು ಬಂದವು.

ಬಾಯಾರಿನ ಬಸ್ಸಿನಲ್ಲಿ ಕಂಡಕ್ಟರು
ತುಳುವಿನಲ್ಲಿ ಬೈದು, ಮಲಯಾಳದಲ್ಲಿ ಚಿಲ್ಲರೆ ಕೇಳಿ,
ಕನ್ನಡದಲ್ಲಿ ನನಗೆ ಟಿಕೇಟು ಕೊಟ್ಟ.
ಇದರ ಫೋಟೋ ತೆಗೆಯುವುದು ಹೇಗೆ?

ಗುಡ್ಡದ ಬಗಲಲ್ಲಿ ಬಗ್ಗಿ ಹೋಗುವಷ್ಟು ಬಾಯಿ.
ಐತಪ್ಪ ನಾಯ್ಕರು ಎರಡು ಬೇಸಗೆ ಒಬ್ಬರೇ ಕೊರೆದ ಸುರಂಗ.
‘ಎಂಬತ್ತು ಕೋಲು. ನೀರು ಸಿಕ್ಕಿದ್ದು ಎಪ್ಪತ್ತೊಂಬತ್ತಕ್ಕೆ’ ಅಂದರು.
‘ಮತ್ತೊಂದು ಕೋಲು ಯಾಕೆ?’
‘ಕೈ ನಿಲ್ಲಲಿಲ್ಲ ಮಾರಾಯ್ರೆ.’

ಮೇಣದ ಬತ್ತಿ ಹಿಡಿದು ಮುಂದೆ ಅವರು, ಹಿಂದೆ ನಾನು.
‘ಬತ್ತಿ ಸಣ್ಣದಾದರೆ ತಿರುಗಿ ಬರುವುದು.
ಎಷ್ಟು ಅಗೆದೆ ಅಂತ ಲೆಕ್ಕ ಹಾಕುತ್ತ ಕೂರುವುದಲ್ಲ.’

ಫ್ಲಾಶು ಹಾಕಿದೆ. ಸುರಂಗ ಬಚ್ಚಲುಮನೆಯಾಯಿತು:
ಒದ್ದೆ ಗೋಡೆ, ಕಣ್ಣು ಕೆರಳಿದ ಬಾವಲಿ.
ಅದನ್ನು ತೆಗೆದಿಟ್ಟು
ಬತ್ತಿಯ ಬೆಳಕಿಗೇ ಮೂವತ್ತು ಸೆಕೆಂಡು ತೆರೆದಿಟ್ಟೆ.
‘ಅಲ್ಲಾಡಬೇಡಿ.’
ನಾಯ್ಕರು ಅಲ್ಲಾಡಲಿಲ್ಲ.
ನೀರಿಗೆ ಹೇಳುವುದು ಮರೆತಿದ್ದೆ:
ತೊಟ್ಟು,
ಇನ್ನೊಂದು ತೊಟ್ಟು,
ಎಲ್ಲೋ ಮಣ್ಣಿನ ಹಿಂದೆ ಯಾರೋ ನಾಲಿಗೆ ಚಪ್ಪರಿಸಿದ ಹಾಗೆ.
ಹದಿನೇಳನೆಯ ಸೆಕೆಂಡಿಗೆ ಬತ್ತಿ ಕುಗ್ಗಿತು.
ನನ್ನ ಕಣ್ಣು ಕ್ಯಾಮರಾದ ಮೇಲೆ,
ಹದಿಮೂರು ಉಳಿದಿದೆ ಇನ್ನೂ, ಹನ್ನೆರಡು,
ಅಂಗಿಯ ಕಾಲರು ಹಿಡಿದು ಎಳೆದರು.

ಹೊರಗೆ, ಹಲಸಿನ ಮರದಡಿ ಕೂತು ನೋಡಿದೆವು.
ಕಪ್ಪು.
ನಡುವೆ ಬಾಯಿಯ ಕಡೆಗೆ ಓಡುವ ಒಂದು ಕಿತ್ತಳೆ ಗೀರು,
ಅದರ ಪಕ್ಕ ಹೊಗೆಯಂಥ ಕೈ.
‘ಇದು ಯಾರು?’
‘ನೀವು.’
ತುಸು ಹೊತ್ತು ನೋಡಿದರು. ‘ನೀರು ಎಲ್ಲುಂಟು?’

ಗೆರಟೆಯಲ್ಲಿ ಮೊಗೆದು ಕೊಟ್ಟರು.
ತಣ್ಣಗಿತ್ತು. ಕೊನೆಗೆ ನಾಲಿಗೆಯಲ್ಲಿ ಸ್ವಲ್ಪ ಕಬ್ಬಿಣ.

ಮೇ ತಿಂಗಳಿಗೆ ಕೋಟೆ ಹೋಯಿತು,
ಮೂವತ್ತೊಂದು ಚೌಕಗಳೂ ಆಕಾಶದಲ್ಲಿ ಸರಿಯಾಗಿ ಕೂತವು.
ಬಿಲ್ಲು ಕಳಿಸಿದೆ: ರೈಲು, ಬಸ್ಸು, ಎರಡು ಊಟ,
ಮೇಣದ ಬತ್ತಿ ಎರಡು, ಹತ್ತು ರೂಪಾಯಿ.
ಲೆಕ್ಕ ಬರೆಯುವ ಹುಡುಗ ಫೋನು ಮಾಡಿದ:
‘ಸರ್, ಕರೆಂಟಿತ್ತಲ್ಲ ಲಾಡ್ಜಿನಲ್ಲಿ?
ಇದನ್ನ ಯಾವ ಬಾಬ್ತಿಗೆ ಹಾಕಲಿ?’