ಮೂರನೆಯ ಪ್ರತಿ

ಏಪ್ರಿಲ್ ಬಂತೆಂದರೆ ನನ್ನ ಅಡುಗೆಮನೆಯೇ ಕಚೇರಿ.
ಸಕ್ಕರೆ ಡಬ್ಬಿಯ ಪಕ್ಕ ಪರವಾನಗಿ ಪುಸ್ತಕ,
ಹಾಳೆಗಳ ನಡುವೆ ನೀಲಿ ಕಾರ್ಬನ್.
ಒತ್ತಿ ಬರೆಯಬೇಕು, ಮೂರನೆಯ ಪ್ರತಿಗೂ ಮುಟ್ಟುವಂತೆ:
ಒಂದು ಸುಡುವವನಿಗೆ, ಒಂದು ಅಗ್ನಿಶಾಮಕ ಠಾಣೆಗೆ,
ಒಂದು ನನಗೆ.

ಕಿಟಕಿಯಾಚೆ ಸೇಂಟ್ ಜಾನ್ ನದಿ,
ಮಂಜುಗಡ್ಡೆ ಒಡೆದು ಹೊರಟಿದೆ, ಒಂದರ ಮೇಲೊಂದು ಹತ್ತಿ,
ಕೊಟ್ಟಿಗೆ ಬಾಗಿಲು ತೆರೆದಾಗಿನ ದನಗಳ ಹಾಗೆ.
ಆಚೆ ದಡ ಕೆನಡಾ. ಹೊಗೆ ದಾಟಿದರೆ
ಅದನ್ನು ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ;
ನನಗೆ ಫೋನು ಬರುತ್ತದೆ, ಸೋದರತ್ತೆ ಕ್ಲೋಥಿಲ್ಡಳದು:
"ಲಿಯೊಂಟೀನ್, ಒಗೆದು ಹರವಿದ್ದೆಲ್ಲ ಹೊಗೆ ನಾತ."

ಮಂಗಳವಾರ ಒನೆಸಿಮ್ ಡೇಗಲ್ ಬಂದ.
ಹನ್ನೊಂದು ಎಕರೆ ಫರ್ ಕಾಡನ್ನು ಬುಲ್ಡೋಜರಿಗೆ ಕೊಟ್ಟಿದ್ದಾನೆ,
ಆಲೂಗಡ್ಡೆ ಹಾಕಲು.
ಬೇರು, ಬೊಡ್ಡೆ, ರೆಂಬೆ ಸೇರಿ ಮೂರು ರಾಶಿ,
ಒಂದೊಂದೂ ಮನೆಯೆತ್ತರ.
ಮನೆಯೆತ್ತರ ಆಗದು, ಅಂದೆ. ಒಡೆದು ಆರು ಮಾಡು.
ಸುತ್ತ ಬರಿಮಣ್ಣು ಕಾಣುವಂತೆ ಕೆರೆ.
ನೀರಿನ ಟ್ಯಾಂಕು, ಗುದ್ದಲಿ, ಕೊನೆಯ ಕೆಂಡದ ತನಕ ಇಬ್ಬರು;
ಕುಡಿದವರು ಲೆಕ್ಕಕ್ಕಿಲ್ಲ.
ಟೈರು ಬೇಡ, ಡೀಸೆಲ್ ಬೇಡ, ಬಣ್ಣ ಬಳಿದ ಹಲಗೆ ಬೇಡ.
ಮನೆ ಹತ್ತಿ ಉರಿಯುವಾಗ ಬಾವಿ ತೋಡುವವರನ್ನು
ಸಾಕಷ್ಟು ನೋಡಿದ್ದೇನೆ.

ಬುಧವಾರ ಗಾಳಿ. ಇಲ್ಲ ಅಂದೆ.
ಗುರುವಾರ ಗಾಳಿಯಿಲ್ಲ, ಆದರೆ ಹೋದ ವರ್ಷದ ಹುಲ್ಲು
ಬೆರಳಲ್ಲಿ ತಿಕ್ಕಿದರೆ ಹಪ್ಪಳ. ಇಲ್ಲ ಅಂದೆ.
ಶುಕ್ರವಾರ ಮೇಪಲ್ ಪಾಕದ ಬಾಟಲಿ ತಂದ.
ಅದನ್ನು ಮೇಜಿನ ಮೇಲೆ ಅವನ ಕಡೆಗೇ ತಳ್ಳಿದೆ.
"ನೆಲ ನನ್ನದು, ಮರ ನನ್ನದು,
ಕಡ್ಡಿಪೆಟ್ಟಿಗೆಯೂ ನನ್ನ ದುಡ್ಡಿನದು."
ಗಾಳಿ ಯಾರದು, ಒನೆಸಿಮ್?

ಬಾಟಲಿ ಮರೆತು ಹೋದ.
ಗಾಳಿ ಬಂದಾಗ ತೂರಿಕೊಳ್ಳುವುದು ಕಾಳಿನವರ ಮಾತು.
ನನ್ನದು: ಗಾಳಿ ಕೂತಾಗ ಹಚ್ಚಿಕೋ.

ಯಾಕೆಂದು ಅವನಿಗೆ ಗೊತ್ತು. ಊರಿಗೇ ಗೊತ್ತು.
ಗೆರೆಟ್ ಗುಡ್ಡದ ಬರ್ಚ್ ಮರಗಳೆಲ್ಲ ಒಂದೇ ಎತ್ತರ,
ಒಂದೇ ವಯಸ್ಸು, ಇಪ್ಪತ್ತಾರು.
ಆ ವರ್ಷದ ಪುಸ್ತಕ ಇನ್ನೂ ಇದೆ, ಹಿಟ್ಟಿನ ಡಬ್ಬದ ಹಿಂದೆ.
ಅವತ್ತೂ ಒಬ್ಬ ಮೂರು ಸಲ ಬಂದಿದ್ದ,
ಮೂರನೆಯ ಸಲ ಪಾಪ ಅನ್ನಿಸಿತ್ತು.

ಭಾನುವಾರ ಚರ್ಚ್ ಬಿಟ್ಟಾಗ ಸಣ್ಣಗೆ ಹಿಮ,
ಧ್ವಜ ಕಂಬಕ್ಕೆ ಅಂಟಿಕೊಂಡು ನಿಂತಿದೆ.
ಒಳ್ಳೆ ಬಟ್ಟೆಯಲ್ಲೇ ಹೋದೆ, ಪುಸ್ತಕ ಹಿಡಿದು.
ಆರು ರಾಶಿ ಮಾಡಿದ್ದ. ಟ್ಯಾಂಕಿತ್ತು. ಅಳಿಯನಿದ್ದ.
ನಾಲ್ಕನೆಯ ರಾಶಿಯ ಹೊಟ್ಟೆಯಲ್ಲಿ ಏನೋ ಹಸಿರು,
ಎಲೆಯ ಹಸಿರಲ್ಲ.
ಬಾಗಿಲು.
"ರೊಮೇನನ ಬೇಟೆ ಗುಡಿಸಲಿನದು," ಅಂದ ನೆಲ ನೋಡುತ್ತ.
"ತಮ್ಮನೇ ಹೋದ ಮೇಲೆ ಅಲ್ಲಿಗೆ ಯಾರು ಹೋಗುತ್ತಾರೆ?"

ಬಣ್ಣ ಬಳಿದ ಮರ, ಅಂದೆ. ತೆಗಿ.

ಸರಪಳಿ ಕಟ್ಟಿ ಎಳೆದರು.
ಅರ್ಧ ಗಂಟೆ. ಹಿಡಿಕೆ ಇನ್ನೂ ತಿರುಗುತ್ತಿತ್ತು.
ಅದನ್ನು ಟ್ರಕ್ಕಿಗೆ ಒರಗಿಸಿ ನಿಲ್ಲಿಸಿದ
ಒನೆಸಿಮ್, ಮತ್ತೆ ಬಂದ, ಮತ್ತೆ ಹೋದ,
ತೋಳಿನಿಂದ ಮಣ್ಣು ಒರೆಸಿದ.
ಕಾಯಿದೆಯಲ್ಲಿ ಇರುವುದು ಬಣ್ಣದ ಸೀಸದ ಬಗ್ಗೆ ಮಾತ್ರ.
ನಾನು ಬಗ್ಗಿ, ಮೊಣಕಾಲ ಮೇಲೆ ಪುಸ್ತಕ ಇಟ್ಟು,
ಒತ್ತಿ ರುಜು ಮಾಡಿದೆ.

ಹೊಗೆ ನೆಟ್ಟಗೆ ಏರಿತು, ಕ್ಲೋಥಿಲ್ಡಳ ತನಕ ಹೋಗಲಿಲ್ಲ.

ಈಗ ಹತ್ತೊಂಬತ್ತು ದಿನ. ದಿನಕ್ಕೊಮ್ಮೆ ಹೋಗುತ್ತೇನೆ,
ಕೈಗವಸು ಕಳಚಿ, ಅಂಗೈಯ ಹಿಂಬದಿ ಬೂದಿಗೆ ತಾಗಿಸುತ್ತೇನೆ,
ಮಗುವಿನ ಜ್ವರ ನೋಡುವ ಹಾಗೆ.
ಐದು ರಾಶಿ ತಣ್ಣಗಿವೆ.
ನಾಲ್ಕನೆಯದರಲ್ಲಿ ಒಂದು ಬೇರು ಎಲ್ಲೋ ಕೆಳಗೆ
ತನ್ನ ಪಾಡಿಗೆ ತಾನು ಉರಿಯುತ್ತಿದೆ.
"ಬೆಂಕಿ ಪೂರ್ತಿ ಆರಿದೆಯೇ" ಎಂಬ ಕೊನೆಯ ಸಾಲಿನಲ್ಲಿ
ಇವತ್ತೂ ಬರೆದೆ: ಇನ್ನೂ ಇಲ್ಲ.
ಮೂರನೆಯ ಪ್ರತಿಯಲ್ಲಿ ಅದು ಕಂಡೂ ಕಾಣದ ಹಾಗಿದೆ.
ಮತ್ತೊಮ್ಮೆ ತಿದ್ದಿದೆ, ಒತ್ತಿ.