ಗಜ

ಗುಳೇದಗುಡ್ಡ. ಇಪ್ಪತ್ತು ರೂಪಾಯಿ ಚೀಟಿ,
ಚಪ್ಪಲಿ ಹೊರಗೆ.
ಹೊಳೆಬಸಪ್ಪ ಸಾವಕಾರರ ಪಡಸಾಲೆ
ತುಂಗವ್ವಜ್ಜಿ ಎಂದೂ ತುಳಿದವಳಲ್ಲ;
ಕಟ್ಟೆಗೆ ಖಣದ ಗಂಟಿಳಿಸಿ ನಿಲ್ಲುತ್ತಿದ್ದಳಂತೆ,
ಒಳಗೆ ಗಜ ನೆಲಕ್ಕೆ ತಾಗುವ ಸದ್ದೆಣಿಸುತ್ತ.

ಈಗ ಗಾದಿ ಬೆಳ್ಳಗೆ, ಯಾರೂ ಒರಗದ ಲೋಡು,
ಒಂಬತ್ತೂ ಹತ್ತಕ್ಕೆ ನಿಂತ ಮುಂಬಯಿ ಗಡಿಯಾರ.
ಮೊಳೆಗೆ ತೂಗಿದೆ
ಕಬ್ಬಿಣದ ಗಜ.

'ಅವರ ಗಜ ನಾಕು ಬೆರಳು ಉದ್ದ ಐತಿ'
ಅನ್ನುತ್ತಿದ್ದಳು, ಸಾಯುವ ವಾರದಲ್ಲೂ.

ಕಾವಲಿನ ಹುಡುಗ ಫೋನಿನಲ್ಲಿದ್ದ.
ಮೊಳ ಹಾಕಿದೆ: ಒಂದು, ಎರಡು,
ಮೇಲೆ ಮೂರು ಬೆರಳು,
ನಾಲ್ಕನೆಯದು ಅರ್ಧ.
ಆದರೆ ಇದು ಲಾಳಿ ಎಸೆಯದ ಕೈ,
ನನ್ನ ಮೊಳವೇ ಗಿಡ್ಡವಿದ್ದೀತು.

'ಮುಟ್ಟಬ್ಯಾಡ್ರಿ ಅಕ್ಕಾರ, ಹಳೇದೈತಿ.'

ಹೌದೆಂದೆ.
ಬಸ್ ಸ್ಟ್ಯಾಂಡಿನ ತನಕ
ಅಂಗೈ ಮುಚ್ಚಿಯೇ ನಡೆದೆ,
ತುಕ್ಕು ಉದುರದಂತೆ.