ಬಲಗಡೆಯ ಪುಟ

ಎಡಗಡೆ ಗಂಡಸರು, ಬಲಗಡೆ ಹೆಂಗಸರು.
ಕೋಲಾರದ ಜೈಲಿಗೆ ನಾನು ವಾರ್ಡರಾಗಿ ಬಂದ ವರ್ಷ
ಬಲಗಡೆಯ ಪುಟದಲ್ಲಿ ನಾಲ್ಕೇ ಹೆಸರು.
ಉಳಿದ ಜಾಗದಲ್ಲಿ ಪೆನ್ಸಿಲ್ಲಿನಲ್ಲಿ
ನಮ್ಮನೆ ಹಾಲಿನ ಲೆಕ್ಕ ಬರೆಯುತ್ತಿದ್ದೆ:
ಸೋಮವಾರ ಅರ್ಧ ಲೀಟರು. ಮಂಗಳವಾರ ಇಲ್ಲ.

ಈಗ ಹಾಲಿಗೆ ಬೇರೆ ಪುಸ್ತಕ ತಂದಿದ್ದೇನೆ.

ಗಂಡಸರ ಲೆಕ್ಕ ಇವತ್ತಿಗೂ ದೊಡ್ಡದೇ,
ಗದ್ದಲವೂ ಅವರದೇ.
ಇವರದು ಏರುವ ಬಗೆ ಬೇರೆ.
ನೋಡುತ್ತ ನಿಂತಷ್ಟು ಹೊತ್ತು ಏನೂ ಇಲ್ಲ,
ಅತ್ತ ತಿರುಗಿದ್ದೇ ತಡ
ಒಲೆಯೆಲ್ಲ ಬಿಳಿ.

ಮುನಿರತ್ನಮ್ಮ, ಸಂಘದ ಸಾಲಕ್ಕೆ
ಐದು ಜನರ ಪಾಲಿನ ಹೆಬ್ಬೆಟ್ಟು ಒಬ್ಬಳೇ ಒತ್ತಿದವಳು.
ಅರ್ಪುದಮೇರಿ, ಕೆಜಿಎಫ್‌ನವಳು,
ಗಂಡ ಕೊಟ್ಟ ಚೀಲವನ್ನು ರೈಲಿನಲ್ಲಿ
ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದವಳು.
ಒಳಗೇನಿತ್ತೆಂದು ಕೇಳಲಿಲ್ಲವಂತೆ.
ಸೊಣ್ಣಕ್ಕ ಮಾತ್ರ, ಮಾಡಿದ್ದನ್ನು ಮಾಡಿದೆ ಅನ್ನುತ್ತಾಳೆ:
ಕುಡುಗೋಲು, ಮೈದುನ, ರಾತ್ರಿ ಹನ್ನೊಂದು.
ಆಮೇಲೆ ಸೊಪ್ಪು ಸೋಸುತ್ತಾಳೆ.

ಬುಧವಾರ ಸಂದರ್ಶನ.
ಗೇಟಿನಾಚೆ ಸಾಲು ನಿಂತವರೆಲ್ಲ ಹೆಂಗಸರು.
ಟೊಮೆಟೊ ಮಂಡಿಯ ಅರ್ಧ ದಿನದ ಕೂಲಿ ಬಿಟ್ಟು,
ಸ್ಟೀಲಿನ ಡಬ್ಬಿಯಲ್ಲಿ ಹುರುಳಿಕಾಳು ಸಾರು,
ಸೆರಗಿನ ತುದಿಯಲ್ಲಿ ಬೀಡಿ.
(ಬಿಚ್ಚಿಸಬೇಕು. ಎಲ್ಲ ಸಲ ಬಿಚ್ಚಿಸುವುದಿಲ್ಲ.)
ಒಮ್ಮೆ ಒಬ್ಬನಿಗೇ ಇಬ್ಬರು ಹೆಂಡಿರು ಬಂದರು,
ಒಂದೇ ಕೊಡೆಯಡಿ, ಮಾತಿಲ್ಲದೆ.
ಎಲ್ಲರೂ ಕೇಳುವುದು ಎಡಗಡೆಯ ಪುಟ.

ಬಲಗಡೆ 'ನೋಡಲು ಬಂದವರು' ಎಂಬ ಕಲಮು
ಗೆರೆ ಎಳೆದಂತೆಯೇ ಇದೆ.

ಕಾರ್ತಿಕದಲ್ಲಿ ಒಬ್ಬ ಗಂಡಸು ಬಂದ.
ಇಸ್ತ್ರಿ ಮಾಡಿದ ಅಂಗಿ, ಗಂಟಲಲ್ಲಿ ಹಳೆಯ ಕೆಮ್ಮು.
ಹೆಸರು ಬರೆಸಿದ, ಊರು ಬರೆಸಿದ,
ತಮ್ಮನನ್ನು ನೋಡಬೇಕು ಅಂದ.
ಹತ್ತು ನಿಮಿಷ. ಸಹಿ. ಹೋದ.

ಸಂಜೆ ಬೀಗ ಹಾಕುವಾಗ ಮೇರಿ,
"ಅವರು ಬಂದಿದ್ರಾ ಮೇಡಂ?
ಗೋಡೆಯಿಂದ ಕೆಮ್ಮು ಕೇಳಿಸ್ತು."
ಬೀಗ ಎರಡು ಸಲ ಎಳೆದು ನೋಡಿದೆ.
ಕೆಮ್ಮುವವರು ಊರು ತುಂಬ ಇದ್ದಾರೆ ಅಂದೆ.

ಆಮೇಲೆ ಅವಳ ಹೆಸರಿನ ಮುಂದೆ
ಪೆನ್ಸಿಲ್ಲಿನಲ್ಲಿ ನನ್ನ ಹೆಸರು ಬರೆದೆ.
'ಸಂಬಂಧ' ಎನ್ನುವಲ್ಲಿ ಕೈ ನಿಂತಿತು.
ಸಾಹೇಬರ ಬೂಟು ಕೇಳಿಸಿದಾಗ ಅಳಿಸಿದೆ.

ಹಾಲಿನ ಲೆಕ್ಕ ಅಳಿಸಿ ಅಳಿಸಿ
ಅಭ್ಯಾಸವಾದ ಕೈ.
ಆದರೂ ಹಾಳೆ ಅಲ್ಲಿ ತೆಳ್ಳಗಾಗಿದೆ,
ಏನು ಬರೆದರೂ ಶಾಯಿ
ಹಿಂದಿನ ಪುಟಕ್ಕೆ ಇಳಿಯುತ್ತದೆ.